ಹೊಡೆದು ಹಾಕಿದ ಸಾಲು

ಮನಾಮ, ಬಹರೈನ್
5 ಜನವರಿ 2024, ಶುಕ್ರವಾರ

ಕನ್ನಡ ಟೀಚರ್ ಹರ್ಷಿಣಿಯವರಿಗೆ,

ನಮಸ್ಕಾರ. ನಾನು ಪ್ಯಾಟ್ರಿಕ್. ಇದನ್ನು ಬರೆಯುತ್ತಿರುವುದು ನನ್ನ ರೂಮಿನ ರೋನಿ. ಅವನು ಕಳೆದ ತಿಂಗಳು ರಜೆಯಲ್ಲಿ ಊರಿಗೆ ಬಂದಿದ್ದಾಗ, ಮಣಿಪಾಲದಲ್ಲಿ ನೀವು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಪಾಸ್‌ಪೋರ್ಟಿನ ನಕಲು ತೆಗೆಸಲು ಬಂದಿದ್ದನಂತೆ. ನಕಲಿನ ಜೊತೆ ನೀವು ಒಂದು ಕರಪತ್ರ ಕೊಟ್ಟಿರಂತೆ. ‘ಅಂಚೆಯಲ್ಲಿ ಕನ್ನಡ. ಎಲ್ಲಿದ್ದರೂ ಕಲಿಯಿರಿ. ಶುಲ್ಕವಿಲ್ಲ, ಸಬೂಬೂ ಇಲ್ಲ.’ ರೋನಿ ಅದನ್ನು ಓದಿ ಹೇಳಿ ನಗಾಡಿದ. ನಾನು ನಗಲಿಲ್ಲ.

ನನಗೆ ಐವತ್ತಾರು ವರ್ಷ. ಇಲ್ಲಿ ಒಂದು ಕಂಪನಿಯ ಕೆಲಸಗಾರರ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತೇನೆ. ಹುಟ್ಟಿದ್ದು ಬೆಳ್ಮಣ್‌ನಲ್ಲಿ, ಮನೆ ಈಗ ಶಂಕರಪುರದಲ್ಲಿ. ಎರಡನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಅಕ್ಷರಗಳ ಮುಖ ಗೊತ್ತುಂಟು, ಹೆಸರು ಮರೆತುಹೋಗಿದೆ.

ಮನೆಯಲ್ಲಿ ನನ್ನ ಹೆಂಡತಿ ಬರ್ತಾ ಒಬ್ಬಳೇ, ಮಲ್ಲಿಗೆ ಕಟ್ಟಿ ಮಾರುತ್ತಾಳೆ. ನಮಗೆ ಮಕ್ಕಳಿಲ್ಲ. ಎರಡು ವರ್ಷದಿಂದ ಅವಳಿಗೆ ಕಿವಿ ಕೇಳುವುದಿಲ್ಲ. ಡಾಕ್ಟರಿಗೆ ತೋರಿಸಿ ಆಯಿತು, ಕಿವಿಗೆ ಯಂತ್ರ ಇಟ್ಟೂ ಆಯಿತು. ಗೊರಗೊರ ಶಬ್ದ ಬಿಟ್ಟರೆ ಏನಿಲ್ಲ ಎಂದು ತೆಗೆದಿಟ್ಟಳು. ಶುಕ್ರವಾರ ವಿಡಿಯೋ ಕಾಲ್ ಮಾಡುತ್ತೇನೆ. ಅವಳು ಮಾತಾಡುತ್ತಾಳೆ, ನಾನು ತಲೆ ಆಡಿಸುತ್ತೇನೆ. ನಾನು ಹೇಳಬೇಕಾದ್ದು ನನ್ನಲ್ಲೇ ಉಳಿಯುತ್ತದೆ. ಕೊನೆಗೆ ಇಬ್ಬರೂ ಕೈಬೀಸಿ ಮುಗಿಸುತ್ತೇವೆ.

ಅವಳಿಗೆ ಓದಲು ಬರುತ್ತದೆ. ನನಗೆ ಬರೆಯಲು ಬರುವುದಿಲ್ಲ. ರೋನಿ ಬರೆದು ಕೊಡುತ್ತೇನೆ ಎನ್ನುತ್ತಾನೆ. ಹೆಂಡತಿಗೆ ಹೇಳುವುದನ್ನು ಇವನ ಕೈಯಲ್ಲಿ ಹೇಗೆ ಬರೆಸುವುದು?

ನನ್ನ ಮುಂದಿನ ರಜೆ 2025ರ ಕ್ರಿಸ್‌ಮಸ್‌ಗೆ. ಅಲ್ಲಿಯವರೆಗೆ ಕೈಬೀಸಿಕೊಂಡೇ ಇರಲು ಆಗುವುದಿಲ್ಲ ಟೀಚರ್. ಕಲಿಸುತ್ತೀರಾ?

ಪ್ಯಾಟ್ರಿಕ್

(‘ಇವನ’ ಅಂದರೆ ನಾನೇ. ಹೇಳಿದ ಹಾಗೆಯೇ ಬರೆದಿದ್ದೇನೆ. – ರೋನಿ)


ಕಾಪು
29 ಜನವರಿ 2024

ಪ್ಯಾಟ್ರಿಕ್ ಅವರೇ,

ಕಲಿಸುತ್ತೇನೆ. ಮೊದಲು ನಿಯಮ ಕೇಳಿ.

ಕೈಯಲ್ಲೇ ಬರೆಯಬೇಕು, ಅಂಚೆಯಲ್ಲೇ ಕಳಿಸಬೇಕು. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೆ ನಾನು ನೋಡುವುದಿಲ್ಲ. ಬೆರಳು ಒತ್ತಿದ್ದು ಮರೆತುಹೋಗುತ್ತದೆ, ಕೈ ಬರೆದದ್ದು ಉಳಿಯುತ್ತದೆ. ಪಾಠದೊಳಗೆ ಕನ್ನಡವಲ್ಲದ ಭಾಷೆ ಕಾಲಿಡಬಾರದು. ಪ್ರತಿ ತಪ್ಪಿಗೂ ಕೆಂಪು ಶಾಯಿ ಬೀಳುತ್ತದೆ, ವಯಸ್ಸು ನೋಡುವುದಿಲ್ಲ.

ನಾನು ಬಿ.ಎಡ್. ಮಾಡಿದವಳಲ್ಲ. ಅಂಗಡಿಗೆ ಬರುವ ಕರಪತ್ರ, ಕಿರುಪುಸ್ತಕ, ಯಾರದೋ ಭಾಷಣದ ಪ್ರತಿ, ಇವೇ ನನ್ನ ಕಾಲೇಜು. ಒಂದೊಂದು ಪ್ರತಿ ಹೆಚ್ಚಿಗೆ ತೆಗೆದು ಮನೆಗೆ ತಂದು ಓದಿದವಳು. ಓದಲು ಬಾರದವರ ಹತ್ತಿರ ಲೋಕ ಯಾವಾಗಲೂ ದೊಡ್ಡ ದನಿಯಲ್ಲಿ ಮಾತಾಡುತ್ತದೆ ಎಂದು ಅವುಗಳಿಂದ ತಿಳಿಯಿತು. ಅದಕ್ಕೂ ಮೊದಲೇ ಕಣ್ಣಾರೆ ಕಂಡಿದ್ದೆ. ನನ್ನ ಅಮ್ಮ ವಾರಿಜಾ ಇಲ್ಲಿ ಪೇಟೆಯಲ್ಲಿ ಮೀನು ಮಾರುತ್ತಾಳೆ. ಒಂದು ಕಚೇರಿಯಲ್ಲಿ ಅವಳ ಹೆಬ್ಬೆಟ್ಟು ಒತ್ತಿಸುವಾಗ ಗುಮಾಸ್ತ ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಂಡ. ನನಗೆ ಆಗ ಏಳು ವರ್ಷ. ಅಂದಿನಿಂದ ಸಿಟ್ಟು ಇಳಿದಿಲ್ಲ. ಸಿಟ್ಟಿಲ್ಲದವರು ಏನನ್ನೂ ಕಲಿಸಲಾರರು ಎಂದು ನಂಬಿದ್ದೇನೆ.

ನನಗೆ ಈಗ ಮೂವತ್ತು ವಿದ್ಯಾರ್ಥಿಗಳಿದ್ದಾರೆ. ಆದರೂ ನಿಮ್ಮ ಪುಟವನ್ನು ಪೂರ್ತಿ ನೋಡುತ್ತೇನೆ. ಇದರೊಂದಿಗೆ ಹನ್ನೆರಡು ಅಭ್ಯಾಸದ ಹಾಳೆಗಳಿವೆ. ರೋನಿ ಒಂದು ವಾರ ಅಕ್ಷರಗಳ ಹೆಸರು ಹೇಳಿಕೊಡಲಿ, ಆಮೇಲೆ ದೂರ ಇರಲಿ.

ಹರ್ಷಿಣಿ


ಮನಾಮ
1 ಮಾರ್ಚ್ 2024, ಶುಕ್ರವಾರ

ಟೀಚರ್‌ಗೆ ನಮಸ್ಕಾರ.

ಇದು ನನ್ನ ಕೈ.

ಹಾಳೆ ಮುಗಿಯಿತು. ದಿನಾ ಬೆಳಿಗ್ಗೆ ಚಪಾತಿ ಹಿಟ್ಟಿನ ಮೇಲೆ ಬೆರಳಲ್ಲಿ ಬರೆಯುತ್ತೇನೆ. ಆಮೇಲೆ ಲಟ್ಟಿಸುತ್ತೇನೆ. ಕ್ಯಾಂಪಿನ ಜನ ನನ್ನ ಅಕ್ಷರ ತಿನ್ನುತ್ತಾರೆ. ಶುಕ್ರವಾರ ರಜೆ. ಎರಡು ಗಂಟೆಯಲ್ಲಿ ಇಷ್ಟು ಬರೆದೆ.

ಒಂದು ಮಾತು ಕೇಳುತ್ತೇನೆ. ನಮ್ಮ ಕೊಂಕಣಿ ಬರೆಯುವುದು ಕನ್ನಡ ಅಕ್ಷರದಲ್ಲೇ. ಬರ್ತಾ ಓದುವ ಪ್ರಾರ್ಥನೆ ಪುಸ್ತಕ ಹಾಗೆ ಉಂಟು. ನಾವು ಮಾತಾಡುವುದು ಕೊಂಕಣಿ. ಈಗ ಅಕ್ಷರ ಬಂತು ಅಲ್ವಾ. ಅವಳಿಗೆ ಕೊಂಕಣಿಯಲ್ಲಿ ಬರೆಯುತ್ತೇನೆ. ಅಕ್ಷರ ಸರಿ ಉಂಟಾ ಎಂದು ನೀವು ನೋಡುತ್ತೀರಾ?

ಪ್ಯಾಟ್ರಿಕ್

(‘ಹಿಟ್ಟು’ ಬರೆಯಲು ಒಂದು ಇಡೀ ಶುಕ್ರವಾರ ಬೇಕಾಯಿತು. ನಾನು ಸಹಾಯ ಮಾಡಿಲ್ಲ, ದೂರ ಇದ್ದೇನೆ. – ರೋನಿ)


ಕಾಪು
20 ಮಾರ್ಚ್ 2024

ಪ್ಯಾಟ್ರಿಕ್ ಅವರೇ,

ನೋಡುವುದಿಲ್ಲ. ನನಗೆ ಕೊಂಕಣಿ ಬರುವುದಿಲ್ಲ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ. ಅಕ್ಷರಗಳನ್ನು ಮಾತ್ರ ಎತ್ತಿಕೊಂಡು ಮನೆಗೆ ಓಡಿದರೆ ಭಾಷೆ ಬರುವುದಿಲ್ಲ. ದಡದಲ್ಲಿ ಕುಳಿತು ಕೈ ಬಡಿದವನು ಈಜು ಕಲಿತ ಹಾಗಾಗುತ್ತದೆ. ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಲೆಕ್ಕ ಮಾಡಿ, ಕನ್ನಡದಲ್ಲೇ ಕನಸು ಕಾಣಿ. ಬರ್ತಾ ಅವರಿಗೆ ಕನ್ನಡ ಓದಿದರೆ ಅರ್ಥವಾಗುತ್ತದೆ ಅಲ್ಲವೇ? ಹಾಗಿದ್ದ ಮೇಲೆ ನಿಮ್ಮ ಮೊದಲ ಪತ್ರ ಕನ್ನಡದಲ್ಲೇ ಹೋಗಬೇಕು.

ನಾನು ಹೇಳಿದ್ದನ್ನು ಮಾಡಿ ತೋರಿಸುವವಳು. ನಮ್ಮ ಮನೆಯ ಮಾತು ತುಳು. ಐದು ವರ್ಷದ ಹಿಂದೆ ಮನೆಯೊಳಗೆ ತುಳು ನಿಲ್ಲಿಸಿದೆ. ಅಮ್ಮ ತುಳುವಿನಲ್ಲಿ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಮೊದಮೊದಲು ಬೈದಳು. ‘ದೊಡ್ಡ ಕಲೆಕ್ಟರಮ್ಮ ಬಂದಳು, ಚಾಪೆ ಹಾಸಿ’ ಎಂದು ಅಣಕಿಸಿದಳು. ಪಟ್ಟು ಬಿಡಲಿಲ್ಲ. ಈಗ ಕನ್ನಡದಲ್ಲೇ ಎರಡು ಮಾತು ಆಡುತ್ತಾಳೆ. ಮನೆ ತುಂಬ ಶಾಂತವಾಗಿದೆ.

ಉಳಿದವರ ಹಾಳೆಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಹರ್ಷಿಣಿ


ಮನಾಮ
10 ಮೇ 2024, ಶುಕ್ರವಾರ

ಟೀಚರ್,

ನೀವು ಹೇಳಿದ ಹಾಗೆ ಆಗಲಿ. ಟೀಚರ್ ಹೇಳಿದ ಮೇಲೆ ಎರಡು ಮಾತಿಲ್ಲ. ಕನಸು ಮಾತ್ರ ಇನ್ನೂ ಕೊಂಕಣಿಯಲ್ಲೇ ಬೀಳುತ್ತದೆ. ಅದಕ್ಕೆ ನಾನು ಎಂತ ಮಾಡುವುದು?

ಬರ್ತಾಗೆ ಬರೆದದ್ದು ಕೆಳಗೆ ಉಂಟು. ತಿದ್ದಿ ಕೊಡಿ. ನಾನು ಬರೆಯಲು ಕಲಿಯುವುದು ಅವಳಿಗೆ ಗೊತ್ತಿಲ್ಲ. ಕಾಗದ ಕೈಗೆ ಬಂದಾಗಲೇ ಗೊತ್ತಾಗಲಿ.

‘ಬರ್ತಾ, ಇದು ನಾನು. ಹೂ ಕಟ್ಟಿದ್ದು ಸಾಕು, ಎದ್ದು ಉಣ್ಣು. ನೀನು ಉಣ್ಣದೆ ಕೂರುವುದು ನನಗೆ ಇಲ್ಲಿಂದ ಕಾಣುತ್ತದೆ. ನೀನು ಫೋನಿನಲ್ಲಿ ಹೇಳುವುದೆಲ್ಲ ನಾನು ಕೇಳುತ್ತೇನೆ. ಸುಮ್ಮನೆ ತಲೆ ಆಡಿಸುವುದಲ್ಲ. ಕರಿ ಬೆಕ್ಕು ಮರಿ ಹಾಕಿತಾ? ಇಲ್ಲಿ ನೂರು ಜನಕ್ಕೆ ಅಡುಗೆ ಮಾಡಿ ಒಬ್ಬನೇ ಉಣ್ಣಲು ನನಗೆ ಬೇಸರ.’

ನಿಮಗೆ ಮೂವತ್ತು ಮಕ್ಕಳು. ಸಮಯ ಇರುವಾಗ ನೋಡಿದರೆ ಸಾಕು.

ಪ್ಯಾಟ್ರಿಕ್


ಕಾಪು
2 ಜೂನ್ 2024

ಪ್ಯಾಟ್ರಿಕ್ ಅವರೇ,

ಐದು ತಿಂಗಳಲ್ಲಿ ಇಷ್ಟು! ಓದಿ ಅಂಗಡಿಯಲ್ಲಿ ಕುರ್ಚಿಯಿಂದ ಎದ್ದುಬಿಟ್ಟೆ. ಯಾರಿಗಾದರೂ ತೋರಿಸಬೇಕು ಎನ್ನಿಸಿತು. ಸಾಲಿನಲ್ಲಿ ನಿಂತವರೆಲ್ಲ ಮೊಬೈಲು ನೋಡುತ್ತಿದ್ದರು. ಒಂದು ಜೆರಾಕ್ಸ್ ತೆಗೆದಿಟ್ಟುಕೊಂಡೆ. ನಿಮ್ಮ ಪ್ರತಿ ಪುಟಕ್ಕೂ, ತಿದ್ದಿದ ಮೇಲೆ, ಹಾಗೆ ಒಂದು ಪ್ರತಿ ಇಟ್ಟಿದ್ದೇನೆ.

ಇನ್ನು ತಪ್ಪುಗಳು. ಬರೆದ ಮಾತಿಗೆ ಒಂದು ಮರ್ಯಾದೆ ಇದೆ. ‘ಹೂ ಕಟ್ಟಿದ್ದು ಸಾಕು, ಎದ್ದು ಉಣ್ಣು’ ಎಂಬ ಸಾಲನ್ನು ಹೊಡೆದು ಹಾಕಿದ್ದೇನೆ. ಅದು ಬಾಯಿಮಾತು. ಬೆಕ್ಕನ್ನೂ ತೆಗೆದಿದ್ದೇನೆ. ಹೆಂಡತಿಯನ್ನು ಏಕವಚನದಲ್ಲಿ ಯಾಕೆ ಕರೆಯಬೇಕು? ಹೆಂಗಸಿಗೆ ಗೌರವ ಕೊಡುವುದೂ ಪಾಠವೇ. ಶುದ್ಧ ಪ್ರತಿ ಇಲ್ಲಿದೆ:

‘ಪ್ರಿಯ ಪತ್ನಿ ಬರ್ತಾ ಅವರಿಗೆ, ನಾನು ಇಲ್ಲಿ ಕ್ಷೇಮವಾಗಿದ್ದೇನೆ. ತಾವೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಸಮಯಕ್ಕೆ ಸರಿಯಾಗಿ ಆಹಾರ ಸೇವಿಸಿ ಆರೋಗ್ಯದ ಕಡೆ ಗಮನ ಕೊಡಬೇಕಾಗಿ ವಿನಂತಿ. ತಮ್ಮ ಎಲ್ಲ ಮಾತುಗಳನ್ನೂ ಗಮನಿಸಲಾಗುತ್ತಿದೆ. ಇಂತಿ, ಪ್ಯಾಟ್ರಿಕ್.’

ಇದನ್ನು ಹತ್ತು ಸಲ ನಕಲು ಮಾಡಿ, ಹತ್ತನೆಯದನ್ನು ಕಳಿಸಿ. ಒಂದು ತಪ್ಪೂ ಇರಬಾರದು.

ಹರ್ಷಿಣಿ


ಮನಾಮ
16 ಆಗಸ್ಟ್ 2024, ಶುಕ್ರವಾರ

ಟೀಚರ್,

ಹತ್ತನೆಯದನ್ನು ರಜೆಗೆ ಹೋಗುವ ನಮ್ಮ ಕ್ಯಾಂಪಿನ ಜೋಯ್‌ಸ್ಟನ್ ಹತ್ತಿರ ಕೊಟ್ಟೆ. ಜುಲೈ ನಡುವಿನಲ್ಲಿ ಬರ್ತಾ ಕೈಗೇ ಕೊಟ್ಟನಂತೆ. ಅವಳು ಎಂತ ಹೇಳಿದಳು ಎಂದು ಕೇಳಿದೆ. ‘ಓದಿ ಮಡಿಸಿದಳು, ನನಗೆ ಚಾ ಕೊಟ್ಟಳು, ಅಷ್ಟೇ’ ಎಂದ.

ಫೋನ್ ಮೇಜಿನ ಮೇಲೆ ನಡುಗುವುದನ್ನು ನೋಡಿ ಅವಳು ಎತ್ತುತ್ತಿದ್ದಳು. ಈಗ ಎತ್ತುವುದಿಲ್ಲ. ಐದು ಶುಕ್ರವಾರ ಆಯಿತು. ಪಕ್ಕದ ಮನೆಯ ಆಂಜೆಲಾಗೆ ಫೋನ್ ಮಾಡಿದೆ. ‘ಗಟ್ಟಿಮುಟ್ಟಾಗಿ ಇದ್ದಾಳೆ ಮಾರಾಯ, ಹೂ ಕಟ್ಟುತ್ತಾ ಇದ್ದಾಳೆ. ನಿನ್ನ ಹೆಸರು ಬರೆದು ತೋರಿಸಿದರೆ ಮುಖ ತಿರುಗಿಸುತ್ತಾಳೆ, ಎಂತ ಮಾಡಿದಿ?’ ಎಂದಳು.

ಅವಳು ಏಳನೇ ಕ್ಲಾಸ್ ಪಾಸ್. ನನ್ನ ಅಕ್ಷರ ಅಷ್ಟು ಕೆಟ್ಟದಾ ಟೀಚರ್? ಎಲ್ಲಿ ತಪ್ಪಾಯಿತು?

ಪ್ಯಾಟ್ರಿಕ್


ಕಾಪು
5 ಸೆಪ್ಟೆಂಬರ್ 2024

ಪ್ಯಾಟ್ರಿಕ್ ಅವರೇ,

ಇವತ್ತು ಶಿಕ್ಷಕರ ದಿನ. ಮಣಿಪಾಲದಲ್ಲಿ ಮಕ್ಕಳು ಗುಲಾಬಿ ಹಿಡಿದು ಓಡಾಡುತ್ತಿದ್ದರು. ನನ್ನ ಮೇಜಿನ ಮೇಲೆ ನಿಮ್ಮ ಪುಟ ಇತ್ತು. ಅದೇ ಸಾಕು.

ನಿಮ್ಮ ಅಕ್ಷರ ಕೆಟ್ಟದಲ್ಲ. ಆದರೆ ಇನ್ನೂ ಅಳುಕು ಇದೆ, ಗೆರೆ ನಡುಗುತ್ತದೆ. ಅದೇ ಕಾರಣ ಇರಬಹುದು. ಇಪ್ಪತ್ತು ಹಾಳೆ ಕಳಿಸುತ್ತಿದ್ದೇನೆ. ಬರೆಯುತ್ತ ಹೋದರೆ ಎಲ್ಲವೂ ಸರಿಯಾಗುತ್ತದೆ. ಬಿಡಬೇಡಿ. ದಯವಿಟ್ಟು ಬಿಡಬೇಡಿ.

ಹರ್ಷಿಣಿ


ಮನಾಮ
4 ಅಕ್ಟೋಬರ್ 2024, ಶುಕ್ರವಾರ

ಟೀಚರ್,

ಹಾಳೆ ವಾಪಸ್ ಕಳಿಸಿದ್ದೇನೆ. ಖಾಲಿ ಉಂಟು. ಬೇರೆಯವರಿಗೆ ಕೊಡಿ.

ಹನ್ನೆರಡು ಶುಕ್ರವಾರ ಆಯಿತು. ಮೊದಲು ಕೈಯಾದರೂ ಬೀಸುತ್ತಿದ್ದೆವು.

ನೀವು ಒಳ್ಳೆಯ ಟೀಚರ್. ನನ್ನದು ಕಲಿಯುವ ತಲೆ ಅಲ್ಲ.

ಪ್ಯಾಟ್ರಿಕ್

(ಇವರು ಈಗ ಹಿಟ್ಟಿನ ಮೇಲೆ ಬರೆಯುವುದಿಲ್ಲ. ನೀವು ಏನಾದರೂ ಮಾಡಿ. – ರೋನಿ)


ಕಾಪು
27 ಅಕ್ಟೋಬರ್ 2024, ಭಾನುವಾರ

ಪ್ಯಾಟ್ರಿಕ್ ಅವರೇ,

ಇವತ್ತು ಶಂಕರಪುರಕ್ಕೆ ಹೋಗಿದ್ದೆ. ಕಟಪಾಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅಷ್ಟೇ ದೂರ. ಒಂಬತ್ತು ತಿಂಗಳು ಬಹರೈನಿಗೆ ಪಾಠ ಕಳಿಸಿದವಳಿಗೆ ಈ ದಾರಿ ಹೊಳೆದಿರಲಿಲ್ಲ.

ಬರ್ತಾ ಬಾಯಮ್ಮ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಹೂವು ಒಯ್ಯುವವರು ಬರುವ ಹೊತ್ತು, ತಲೆ ಎತ್ತಲು ಪುರುಸೊತ್ತಿಲ್ಲ. ‘ನಾನು ಪ್ಯಾಟ್ರಿಕ್ ಅವರ ಕನ್ನಡ ಟೀಚರ್’ ಎಂದು ಕಾಗದದಲ್ಲಿ ಬರೆದು ಅವರ ಕಣ್ಣೆದುರು ಹಿಡಿದೆ.

‘ಯಾರ ಟೀಚರ್?’ ಎಂದು ಕೂಗಿದರು. ಬೇಲಿಯಾಚೆಯಿಂದ ಆಂಜೆಲಾ ಬಂದು ನಿಂತರು.

ನೀವು ಕಳಿಸಿದ ಪತ್ರ ಎಲ್ಲಿ ಎಂದು ಬರೆದು ಕೇಳಿದೆ. ಒಳಗಿಂದ ಒಂದು ಬಿಸ್ಕತ್ತಿನ ಡಬ್ಬ ತಂದು ಮುಚ್ಚಳ ತೆಗೆದರು. ಕರೆಂಟು ಬಿಲ್ಲು, ಪಂಚಾಯತಿನ ರಸೀದಿ, ರೇಷನ್ ಕಾರ್ಡು. ಅವುಗಳ ನಡುವೆ ನಿಮ್ಮ ಹತ್ತನೆಯ ಪ್ರತಿ, ನಾಲ್ಕು ಮಡಿಕೆ.

‘ಇದು ಅವರದ್ದಾ?’ ಎಂದರು. ‘ಕನ್ನಡದಲ್ಲಿ ನಮ್ಮ ಮನೆಗೆ ಬರುವುದು ಸರಕಾರದ ಕಾಗದ ಮಾತ್ರ. ಮೂವತ್ತು ವರ್ಷದಲ್ಲಿ ಅವರು ನನ್ನ ಹತ್ತಿರ ಒಂದು ಮಾತು ಕನ್ನಡದಲ್ಲಿ ಆಡಿದವರಲ್ಲ. ತಾವು ಅಂತೆ, ವಿನಂತಿ ಅಂತೆ. ಆಹಾರ ಸೇವಿಸಬೇಕಂತೆ! ಯಾರೋ ಆಫೀಸಿನವರ ಕೈಯಲ್ಲಿ ಬರೆಸಿದ್ದು ಅಂತ ಗೊತ್ತಾಯಿತು. ಕಿವುಡಿ ಹತ್ತಿರ ಮಾತು ಮುಗಿಯಿತು, ಅದಕ್ಕೆ ನೋಟೀಸು ಕಳಿಸಿದರು ಅಂತ ತಿಳಿದುಕೊಂಡೆ. ಮತ್ತೆ ಫೋನಿನಲ್ಲಿ ಮುಖ ನೋಡಿ ಎಂತ ಮಾಡುವುದು?’

ನನ್ನ ಚೀಲದಲ್ಲಿ ನಿಮ್ಮ ಮೇ ತಿಂಗಳ ಪುಟದ ಜೆರಾಕ್ಸ್ ಇತ್ತು. ನಾನು ಎಳೆದ ಕೆಂಪು ಗೆರೆ ಅದರಲ್ಲಿ ಕಪ್ಪಾಗಿತ್ತು. ಕೊಟ್ಟೆ. ಗೆರೆಯ ಅಡಿಯಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ‘ಹೂ ಕಟ್ಟಿದ್ದು ಸಾಕು, ಎದ್ದು ಉಣ್ಣು.’ ಕೈಯಲ್ಲಿದ್ದ ಬಾಳೆನಾರು ಜಾರಿತು.

‘ಇದು ಅವರೇ’ ಎಂದರು. ಮತ್ತೆ ಕೇಳಿದರು, ‘ಇದನ್ನು ಹೊಡೆದು ಹಾಕಿದ್ದು ಯಾರು?’

‘ನಾನು’ ಎಂದು ಬರೆದೆ.

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ‘ಅವರು ಶಾಲೆ ಬಿಟ್ಟದ್ದು ಯಾಕೆ ಅಂತ ನಿಮಗೆ ಗೊತ್ತುಂಟಾ ಟೀಚರಮ್ಮ?’ ಎಂದರು. ನೀವು ಎರಡನೇ ಕ್ಲಾಸಿನಲ್ಲಿ ಮಾಸ್ತರರ ಹತ್ತಿರ ಕೊಂಕಣಿಯಲ್ಲಿ ನೀರು ಕೇಳಿದಿರಂತೆ. ಕನ್ನಡದಲ್ಲಿ ಕೇಳುವವರೆಗೆ ಬೆಂಚಿನ ಮೇಲೆ ನಿಲ್ಲು ಎಂದರಂತೆ. ನಿಮಗೆ ಶಬ್ದ ಗೊತ್ತಿರಲಿಲ್ಲ. ಸಂಜೆಯವರೆಗೆ ನಿಂತಿರಿ. ಮರುದಿನ ಹೋಗಲಿಲ್ಲ.

ಇದನ್ನು ನೀವು ನನಗೆ ಯಾಕೆ ಬರೆಯಲಿಲ್ಲ? ಮಾರ್ಚಿನಲ್ಲಿ ನೀವು ನನ್ನ ಹತ್ತಿರ ಕೇಳಿದ್ದೂ ನೀರೇ. ನಾನೂ ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಕಲಿಸುವುದು ಹೇಗೆ ಎಂದು ನಾನು ನಾಲ್ಕು ಕರಪತ್ರ ಬರೆದಿದ್ದೇನೆ. ನೀರು ಕೇಳಿದವನಿಗೆ ಮೊದಲು ನೀರು ಕೊಡಬೇಕು ಎಂದು ಒಂದರಲ್ಲೂ ಬರೆದಿಲ್ಲ.

ಇನ್ನು ಕೊಂಕಣಿಯಲ್ಲಿ ಬರೆಯಿರಿ. ನನಗೆ ಕಳಿಸಬೇಡಿ, ನೇರ ಅವರಿಗೇ ಕಳಿಸಿ. ಶುಕ್ರವಾರ ಫೋನ್ ಮಾಡಿ. ಎತ್ತುತ್ತೇನೆ ಎಂದಿದ್ದಾರೆ.

ಇನ್ನೊಂದು ವಿಷಯ. ಮೂವತ್ತು ವಿದ್ಯಾರ್ಥಿಗಳು ಎಂದಿದ್ದೆ. ಮುನ್ನೂರು ಕರಪತ್ರ ಹಂಚಿದ್ದೆ. ಬರೆದವರು ನೀವು ಒಬ್ಬರೇ.

ಹರ್ಷಿಣಿ


ಮನಾಮ
29 ನವೆಂಬರ್ 2024, ಶುಕ್ರವಾರ

ಟೀಚರ್,

ಎತ್ತಿದಳು. ಬೈದಳು. ನಾನು ತಲೆ ಆಡಿಸಿದೆ. ಆಮೇಲೆ ಒಂದು ಕಾಗದದಲ್ಲಿ ಕೊಂಕಣಿಯಲ್ಲಿ ದೊಡ್ಡದಾಗಿ ಬರೆದು ಫೋನಿಗೆ ಹಿಡಿದೆ. ಅವಳು ಕನ್ನಡಕ ಹುಡುಕಲು ಹೋದಳು. ಬರುವವರೆಗೆ ಹಿಡಿದೇ ನಿಂತಿದ್ದೆ. ಎಂತ ಬರೆದೆ ಎಂದು ನಿಮಗೆ ಹೇಳುವುದಿಲ್ಲ. ರೋನಿಯನ್ನೂ ರೂಮಿನಿಂದ ಹೊರಗೆ ಹಾಕಿದ್ದೆ.

ಬೆಂಚಿನ ವಿಷಯ ಬರೆಯಲಿಲ್ಲ ಎಂದು ಬೇಸರ ಮಾಡಬೇಡಿ. ಅದು ಟೀಚರಿಗೆ ಹೇಳುವ ವಿಷಯ ಅಲ್ಲ. ಹೆಂಡತಿಗೆ ಹೇಳುವ ವಿಷಯ. ನೀರು ಸಿಕ್ಕಿತು. ಕೊಟ್ಟದ್ದು ನೀವೇ. ಸ್ವಲ್ಪ ತಡವಾಯಿತು, ಅಷ್ಟೇ.

ಒಂದು ಕಾಗದಕ್ಕೆ ಎರಡು ಗಂಟೆ ಬೇಕು. ಶುಕ್ರವಾರ ಒಂದೇ ಇರುವುದು. ಇನ್ನು ಅದು ಬರ್ತಾಗೆ. ನಿಮಗೆ ಬರೆಯಲು ಆಗುತ್ತದೋ ಇಲ್ಲವೋ.

ಮೂವತ್ತು ಮಕ್ಕಳಿಲ್ಲ ಎಂದು ಓದಿ ನನಗೆ ಊಟ ಸೇರಲಿಲ್ಲ. ನಿಮ್ಮ ಅಮ್ಮನ ಹತ್ತಿರ ಮಾತಾಡಿ ಟೀಚರ್. ಅವರಿಗೆ ಕಿವಿ ಕೇಳುತ್ತದೆ ಅಲ್ವಾ?

ಪ್ಯಾಟ್ರಿಕ್


ಕಾಪು
2 ಮಾರ್ಚ್ 2025, ಭಾನುವಾರ

ಪ್ಯಾಟ್ರಿಕ್ ಪೊರ್ಬುಗಳೇ,

ಅಮ್ಮ ಪೇಟೆಯಲ್ಲಿ ನಿಮ್ಮವರನ್ನು ಮರ್ಯಾದೆಯಿಂದ ಕರೆಯುವುದು ಹೀಗೆ. ನಾನೂ ಹಾಗೆ ಕರೆದು ನೋಡುತ್ತಿದ್ದೇನೆ.

ಮೂರು ತಿಂಗಳಿಂದ ನಿಮ್ಮ ಪತ್ರವಿಲ್ಲ. ಇರಬಾರದು ಕೂಡ. ಕಲಿಸಿದ್ದು ಕೈಗೆ ಹತ್ತಿದೆ ಎನ್ನುವುದಕ್ಕೆ ಅದೇ ಗುರುತು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಅಂಚೆಯ ಉಮಾನಾಥಣ್ಣ ನಮ್ಮ ಓಣಿಯಲ್ಲಿ ಸ್ಕೂಟರು ನಿಧಾನ ಮಾಡಿದರೆ ಬಾಗಿಲಿಗೆ ಬರುತ್ತೇನೆ. ‘ಇಲ್ಲ ಮಾರಾಯ್ತಿ, ನಿನ್ನ ಬಹರೈನು ಬತ್ತಿಹೋಯಿತು’ ಎನ್ನುತ್ತಾರೆ. ಅಂಗಡಿಯಲ್ಲಿ ಉಳಿದಿದ್ದ ಕರಪತ್ರಗಳ ಹಿಂಬದಿಯಲ್ಲಿ ಈಗ ಗಿರಾಕಿಗಳ ಪುಟದ ಲೆಕ್ಕ ಬರೆಯುತ್ತೇವೆ.

ಕಳೆದ ಭಾನುವಾರ ಶಂಕರಪುರಕ್ಕೆ ಹೋಗಿದ್ದೆ. ನಿಮ್ಮ ಕಾಗದಗಳು ಬಿಸ್ಕತ್ತಿನ ಡಬ್ಬದಲ್ಲಿಲ್ಲ. ಬಾಯಮ್ಮ ಅವನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಿದ್ದಾರೆ, ಪುಸ್ತಕ ಮುಚ್ಚುವುದಿಲ್ಲ. ಒಂದನ್ನು ನನ್ನ ಕೈಗೆ ಕೊಟ್ಟರು. ಒಂದೊಂದು ಅಕ್ಷರವೂ ನನಗೆ ಗೊತ್ತಿತ್ತು. ಆ ‘ಳ’ ನಾನು ಆರು ಸಲ ತಿದ್ದಿದ್ದು. ಗಟ್ಟಿಯಾಗಿ ಓದುತ್ತ ಹೋದೆ, ಒಂದು ಸಾಲೂ ಅರ್ಥವಾಗಲಿಲ್ಲ. ನಡುವೆ ‘ಟೀಚರ್’ ಎಂದು ಬಂತು. ಅಲ್ಲಿ ಎಂತ ಬರೆದಿದ್ದಾರೆ ಎಂದು ಸನ್ನೆ ಮಾಡಿ ಕೇಳಿದೆ. ಬಾಯಮ್ಮ ನಕ್ಕು ಕಾಗದ ವಾಪಸು ತೆಗೆದುಕೊಂಡರು. ಹೋಗುವಾಗ ಒಂದು ಮೊಳ ಮಲ್ಲಿಗೆ ಕೊಟ್ಟರು.

ಅಮ್ಮನ ಹತ್ತಿರ ಮಾತಾಡಿ ಎಂದಿರಿ. ಅದಕ್ಕೆ ಧೈರ್ಯ ಬರಲು ಇಷ್ಟು ದಿನ ಬೇಕಾಯಿತು. ಮೊನ್ನೆ ಬಸ್ಸಿಳಿದು ಮೀನಿನ ಕಟ್ಟೆಯ ಹತ್ತಿರ, ಅವಳಿಗೆ ಕಾಣದ ಹಾಗೆ ನಿಂತು ಅವಳ ಮಾತಿಗೆ ಕಿವಿಗೊಟ್ಟೆ. ಒಬ್ಬ ಗಿರಾಕಿ ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡುತ್ತಿದ್ದ. ‘ಮೀನು ಕೊಳ್ಳಲು ಬಂದದ್ದಾ, ಹೆಣ್ಣು ನೋಡಲು ಬಂದದ್ದಾ? ಬೇಗ ಹೇಳು ಮಾರಾಯ, ಹುಡುಗಿಗೆ ನಾಚಿಕೆ ಆಗುತ್ತದೆ’ ಎಂದಳು, ತುಳುವಿನಲ್ಲಿ. ಸುತ್ತಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಈ ಹೆಂಗಸು ನಮ್ಮ ಮನೆಗೆ ಬಾರದೆ ಆರು ವರ್ಷ ಆಗುತ್ತ ಬಂತು.

ಇವತ್ತು ಮಧ್ಯಾಹ್ನ ಕಳೆದು ಅವಳು ಬಂದು, ಬುಟ್ಟಿ ಇಳಿಸಿ, ಕಾಲು ತೊಳೆದು ಒಳಗೆ ಕಾಲಿಟ್ಟಳು. ನಾನು ತುಳುವಿನಲ್ಲಿ ಕೇಳಿದೆ, ‘ವಣಸ್ ಆಂಡಾ ಅಮ್ಮಾ?’ ಊಟ ಆಯಿತಾ ಎಂದು, ಇಷ್ಟೇ. ಚಿಕ್ಕಂದಿನ ಲಂಗ ತೊಟ್ಟ ಹಾಗೆ ನಾಲಿಗೆಗೆ ಬಿಗಿಯಾಯಿತು.

ಅಮ್ಮ ನನ್ನ ಮುಖ ನೋಡಿದಳು. ಇದು ಯಾವ ಹೊಸ ನಿಯಮವೋ ಎಂದು ಹುಡುಕುವ ಹಾಗೆ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ನಿಂತಲ್ಲೇ, ಒಂದೊಂದೇ ಶಬ್ದವನ್ನು ಜೋಡಿಸಿ ಕನ್ನಡದಲ್ಲಿ ಹೇಳಿದಳು: ‘ನನಗೆ ಊಟ ಆಗಿದೆ. ನೀನು ಊಟ ಮಾಡು.’

ಒಂದು ತಪ್ಪೂ ಇರಲಿಲ್ಲ.

ಹರ್ಷಿಣಿ